ಸಾಲಿಯನ್ನು ಮನೆ ಮಾಡುವವರಿಗೆ ಹನ್ನೊಂದು ಮಾತು

ನಮ್ಮ ಕಡೆ ಶಾಲೆಗೆ ಸಾಲಿ ಅನ್ನುತ್ತೇವೆ. ಗದಗ-ಬೆಟಗೇರಿಯ ಹಳೆ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪೇಟೆ ಬದಿಯಲ್ಲಿ ತಿರುಗಾಡಿದವರಿಗೆ ಇಂಥ ಕಟ್ಟಡ ಪರಿಚಯವೇ: ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಗಚ್ಚು, ಮೇಲೆ ಮಂಗಳೂರು ಹಂಚು, ಮುಂದೆ ಉದ್ದಕ್ಕೂ ಪಡಸಾಲೆ, ಅಂಗಳದಲ್ಲಿ ಬೇವಿನ ಮರ, ಅದಕ್ಕೆ ನೇತುಬಿದ್ದ ರೈಲುಹಳಿಯ ತುಂಡೇ ಗಂಟೆ. ಪಕ್ಕದಲ್ಲಿ ಸ್ಲ್ಯಾಬಿನ ಹೊಸ ಖೋಲಿ ಕಟ್ಟಿ, ಹುಡುಗರನ್ನು ಅಲ್ಲಿಗೆ ಸಾಗಿಸಿ, ಹಳೆಯದರ ಗೋಡೆ ಮೇಲೆ ‘ಶಿಥಿಲ’ ಎಂದು ಬರೆದು ಕೈ ತೊಳೆದುಕೊಳ್ಳುವುದು ರೂಢಿ.

ಇದನ್ನು ಕೆಡವಿ ಮೂರು ಮಹಡಿ ಎಬ್ಬಿಸುವ ಲೆಕ್ಕ ಯಾವ ಗುತ್ತಿಗೆದಾರನನ್ನು ಕೇಳಿದರೂ ನಿಂತಲ್ಲೇ ಹೇಳುತ್ತಾನೆ. ಕೆಡವದೆ, ಅದೇ ಗೋಡೆಗಳ ನಡುವೆ ಆರೋ ಎಂಟೋ ಸಂಸಾರ ಕಡಿಮೆ ಕರೆಂಟಿನಲ್ಲಿ ತಂಪಾಗಿ ಬಾಳುವಂತೆ ಮಾಡುವ ಲೆಕ್ಕ ಬೇರೆ. ಆ ಕಟ್ಟಡದಲ್ಲಿ ತಂಪು ಈಗಾಗಲೇ ಇದೆ. ಅರ್ಧ ಕೆಲಸ ಅದನ್ನು ಕೆಡಿಸದಿರುವುದು. ಉಳಿದರ್ಧ ಕೆಳಗಿದೆ.

1. ಏಪ್ರಿಲ್‌ನಲ್ಲಿ ಒಂದು ರಾತ್ರಿ ಅಲ್ಲೇ ಮಲಗಿರಿ

ನಕಾಶೆ ಬರೆಸುವ ಮೊದಲು ಚಾಪೆ, ನೀರಿನ ತಂಬಿಗೆ, ಮೂರ್ನಾಲ್ಕು ಅಗ್ಗದ ಥರ್ಮಾಮೀಟರ್ ತೆಗೆದುಕೊಂಡು ಹೋಗಿ. ಒಂದೊಂದು ಖೋಲಿಗೆ ಒಂದೊಂದು ತೂಗುಹಾಕಿ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ, ಬೆಳಗಿನ ಜಾವ ಐದಕ್ಕೆ ಬರೆದಿಟ್ಟುಕೊಳ್ಳಿ. ಒಂದು ವಾರ ಬರೆದರೆ ಇನ್ನೂ ಒಳ್ಳೆಯದು.

ಮಧ್ಯಾಹ್ನ ಒಳಗೆ ಕಾಲಿಟ್ಟ ಕೂಡಲೇ ‘ಅಬ್ಬಾ, ಎಷ್ಟು ತಂಪು!’ ಅನ್ನುತ್ತೀರಿ. ರಾತ್ರಿ ಹತ್ತಕ್ಕೆ ಆ ಮಾತು ವಾಪಸ್ ತೆಗೆದುಕೊಳ್ಳುತ್ತೀರಿ. ಒಂದೂವರೆ ಅಡಿ ಕಲ್ಲಿನ ಗೋಡೆ ಹೊರಗಿನ ಬಿಸಿಯನ್ನು ಒಳಗೆ ಬಿಡಲು ಹತ್ತು ತಾಸಿನ ಆಸುಪಾಸು ಹಿಡಿಯುತ್ತದೆ. ಮಧ್ಯಾಹ್ನ ಹೊರಗೆ ಉಂಡ ಬಿಸಿಲನ್ನು ನಡುರಾತ್ರಿ ಒಳಗೆ ಕಕ್ಕುತ್ತದೆ. ಸಾಲಿಗೆ ಇದರಿಂದ ಏನೂ ಬಾಧೆ ಇರಲಿಲ್ಲ. ಐದಕ್ಕೆ ಗಂಟೆ ಹೊಡೆದು ಮಾಸ್ತರರೂ ಮಕ್ಕಳೂ ಮನೆ ಸೇರಿರುತ್ತಿದ್ದರು. ಗೋಡೆ ತನ್ನ ಪಾಡಿಗೆ ತಾನು ಆರುತ್ತಿತ್ತು. ಮನೆಯ ವಹಿವಾಟು ಇದಕ್ಕೆ ಉಲ್ಟಾ. ಹಗಲು ಎಲ್ಲರೂ ಹೊರಗೆ, ರಾತ್ರಿ ಎಲ್ಲರೂ ಒಳಗೆ. ನಮ್ಮ ಹಿರಿಯರು ಬ್ಯಾಸಿಗೆಯಲ್ಲಿ ಹಾಸಿಗೆ ಹೊತ್ತು ಮಾಳಿಗೆ ಹತ್ತುತ್ತಿದ್ದುದು ಚಿಕ್ಕಿ ಎಣಿಸಲಿಕ್ಕಲ್ಲ.

ಆದ್ದರಿಂದ ಇಡೀ ಯೋಜನೆಯ ಕೀಲಿ ರಾತ್ರಿ ಗಾಳಿಯಲ್ಲಿದೆ. ಹಗಲು ಕಿಟಕಿ ಮುಚ್ಚಿ, ರಾತ್ರಿ ಎಲ್ಲವನ್ನೂ ತೆರೆದು ಗೋಡೆಯನ್ನು ತೊಳೆದಂತೆ ತಣಿಸಬೇಕು. ಇದಕ್ಕೆ ಒದಗಲೆಂಬಂತೆ ಹಳೆ ಸಾಲಿಯ ಗೋಡೆಗಳಲ್ಲಿ ಮೇಲ್ಗಡೆ ಗವಾಕ್ಷಿಗಳಿರುತ್ತವೆ. ಪಾರಿವಾಳ ಬರುತ್ತವೆಂದು ಅವುಗಳಿಗೆ ತಗಡು ಬಡಿದಿರುತ್ತಾರೆ. ತಗಡು ಕಿತ್ತು ಜಾಳಿಗೆ ಹಾಕಿ, ಕೆಳಗಿನಿಂದಲೇ ಹಗ್ಗ ಎಳೆದು ತೆರೆಯುವ ಪಡಕು ಕೂಡಿಸಿ. ಹೆಚ್ಚೆಂದರೆ ಒಬ್ಬ ಬಡಿಗೇರನ ಎರಡು ದಿನದ ಕೂಲಿ. ಕಿಟಕಿಗೆ ಸರಳು, ಸೊಳ್ಳೆ ಪರದೆ ಎರಡೂ ಭದ್ರವಿರಲಿ. ಕಳ್ಳರ ಭಯ, ಸೊಳ್ಳೆ ಕಾಟ ಇದ್ದ ಮನೆಯಲ್ಲಿ ರಾತ್ರಿ ಯಾರೂ ಕಿಟಕಿ ತೆರೆಯುವುದಿಲ್ಲ, ಆಗ ನಿಮ್ಮ ಸೂತ್ರವೆಲ್ಲ ಕಾಗದದ ಮೇಲೆ.

2. ಸಾಲಿ ನಿಜಕ್ಕೂ ಮುಚ್ಚಿದೆಯೇ?

ಎಂಟೇ ಹುಡುಗರಿದ್ದರೂ ಅದು ಸಾಲಿಯೇ. ಅದನ್ನು ಮುಚ್ಚಿಸಿ ಮನೆ ಮಾಡುವ ಯೋಜನೆಗೆ ಈ ಲೇಖನ ಉಪಯೋಗಕ್ಕೆ ಬಾರದು. ಕಟ್ಟಡವನ್ನು ಅಂಗನವಾಡಿಗೋ ಗ್ರಂಥಾಲಯಕ್ಕೋ ಕೇಳುವವರಿದ್ದರೆ ಅವರ ಪಾಳಿ ಮೊದಲು.

3. ಉತಾರ ಮೊದಲು, ಉಸುಕು ಆಮೇಲೆ

ಇಲ್ಲಿ ಸೋತವರು ಗೋಡೆ ಬಿದ್ದು ಸೋತದ್ದಕ್ಕಿಂತ ಕಾಗದ ಬಿದ್ದು ಸೋತದ್ದೇ ಹೆಚ್ಚು. ಎಷ್ಟೋ ಸಾಲಿಗಳ ಜಾಗ ದಾನದ್ದು. ಅಜ್ಜ ಬಾಯಿಮಾತಿನಲ್ಲಿ ಕೊಟ್ಟ, ಸಾಲಿ ಎದ್ದಿತು, ಉತಾರದಲ್ಲಿ ಮಾತ್ರ ಅಜ್ಜನ ಹೆಸರೇ ಉಳಿಯಿತು. ಕಟ್ಟಡ ಖಾಲಿಯಾದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮೊಮ್ಮಕ್ಕಳು ಹುಬ್ಬಳ್ಳಿಯಿಂದಲೂ ಪುಣೆಯಿಂದಲೂ ಬಸ್ ಹತ್ತುತ್ತಾರೆ. ದಾನಪತ್ರ ಇದ್ದರೆ ಅದರ ಒಂದೊಂದು ಸಾಲೂ ಓದಿ. ‘ವಿದ್ಯಾದಾನಕ್ಕೆ ಮಾತ್ರ’ ಎಂಬ ಷರತ್ತು ಮೂಲೆಯಲ್ಲೆಲ್ಲೋ ಕೂತಿರುತ್ತದೆ.

ಊರಿಂದೂರಿಗೆ ಕಾಗದದ ಇತಿಹಾಸವೂ ಬೇರೆ. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. 1948ರ ವಿಲೀನದ ತನಕ ಅಲ್ಲಿನ ದಫ್ತರ ಮರಾಠಿಯ ನೆರಳಲ್ಲೇ ನಡೆಯಿತು. ಮೂಲ ಹುಡುಕುತ್ತ ಹೋದರೆ ಮೋಡಿ ಲಿಪಿಯ ಹಾಳೆ ಎದುರಾದೀತು. ಗಾಬರಿ ಬೇಡ, ಓದಬಲ್ಲವರನ್ನು ಹುಡುಕಿ. ಸಿಟಿ ಸರ್ವೆ ಕಚೇರಿಯ ಉತಾರಕ್ಕೂ ನಗರಸಭೆಯ ಖಾತೆಗೂ ಅಳತೆ ತಾಳೆಯಾಗುವತನಕ ಒಂದು ಬುಟ್ಟಿ ಉಸುಕೂ ತರಿಸಬೇಡಿ.

ಸರ್ಕಾರದ ಅಥವಾ ಪುರಸಭೆಯ ಕಟ್ಟಡವಾದರೆ ಕೌನ್ಸಿಲರ ಮಾತು ಸಾಲದು. ಠರಾವು ಬೇಕು, ಮೇಲಿನ ಮಂಜೂರಿ ಬೇಕು. ಹೆಚ್ಚಿನ ಪಕ್ಷ ದೀರ್ಘಾವಧಿ ಗುತ್ತಿಗೆಯೇ ಸಿಗುವುದು, ಮಾರಾಟವಲ್ಲ. ಮಾಸ್ಟರ್ ಪ್ಲಾನಿನಲ್ಲಿ ಆ ಜಾಗ ಸಾರ್ವಜನಿಕ ಉಪಯೋಗಕ್ಕೆಂದು ಗುರುತಾಗಿದ್ದರೆ ವಸತಿಗೆ ಬದಲಿಸಬೇಕು. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಇದೆ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಮಾಡಿಯೋ 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲೋ ಮಾರಲು ಹೊರಟರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ನೋಂದಣಿಯ ಪ್ರಶ್ನೆ ಬರುತ್ತದೆ. ವಕೀಲರ ಫೀಸನ್ನು ಅಂದಾಜುಪಟ್ಟಿಯ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಇನ್ನೊಂದು ಅಳತೆ ಉಂಟು, ಬಹಳ ಜನ ಮರೆಯುವಂಥದ್ದು. ಗದುಗಿನ ತ್ರಿಕೂಟೇಶ್ವರ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ; ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಸುತ್ತಲಿನವರು ಇದನ್ನು ಶಾಪವೆಂದೇ ಬಗೆಯುತ್ತಾರೆ. ಹಳೆ ಕಟ್ಟಡ ಉಳಿಸುವವನಿಗೆ ಮಾತ್ರ ಇದು ಒಂದು ಬಗೆಯ ವರ. ನಿಷೇಧದ ವಲಯದಲ್ಲೂ ಇದ್ದ ಕಟ್ಟಡದ ದುರಸ್ತಿಗೆ ಅನುಮತಿ ಕೇಳಲು ದಾರಿ ಇದೆ, ಕೆಡವಿ ಕಟ್ಟುವವನಿಗೆ ಆ ದಾರಿಯೇ ಇಲ್ಲ.

4. ಎರಿಯೋ ಮಸಾರಿಯೋ, ಕೆದರಿ ನೋಡಿ

ಮುಂಡರಗಿ ಬದಿಯ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೂರು ವರ್ಷ ನಿಂತ ಗೋಡೆ ನೀರಿಲ್ಲದ್ದಕ್ಕೇ ನಿಂತಿದೆ ಎಂದು ತಿಳಿಯಿರಿ. ಸಾಲಿಯಲ್ಲಿ ನಳ ಎಷ್ಟಿದ್ದವು? ಅಂಗಳದ ಮೂಲೆಗೊಂದು. ಈಗ ಎಂಟು ಬಚ್ಚಲು, ಎಂಟು ಪಾಯಖಾನೆ, ಎಂಟು ಅಡಿಗೆಮನೆ ಬರುತ್ತವೆ. ಒಂದು ಪೈಪು ಪಾಯದ ಬುಡದಲ್ಲಿ ಗುಟ್ಟಾಗಿ ಸೋರಿದರೂ ಸಾಕು, ಮೂರು ಮಳೆಗಾಲದಲ್ಲಿ ಮೂಲೆಕಲ್ಲು ಜಗ್ಗುತ್ತದೆ.

ಆದಕಾರಣ ನೀರಿನ ಕೆಲಸವನ್ನೆಲ್ಲ ಕಟ್ಟಡದ ಹಿಂಬದಿ ಒಂದೇ ಸಾಲಿಗೆ ತನ್ನಿ. ತನ್ನದೇ ಪಾಯ ಇರುವ ಹಗುರ ಹೊಸ ಭಾಗ ಕಟ್ಟಿ, ಹಳೆ ಗೋಡೆಗೆ ಬರೀ ಬಾಗಿಲಿನಿಂದ ಕೂಡಿಸಿ. ಎರಡರ ನಡುವೆ ಸಂದು ಬಿಡಿ. ಪೈಪುಗಳು ಕಣ್ಣಿಗೆ ಕಾಣಲಿ. ಕಂಡದ್ದನ್ನೇ ರಿಪೇರಿ ಮಾಡಲು ಬರುವುದು. ಹಳೆ ಗೋಡೆ ಕೊರೆದು ವೈರು, ಪೈಪು ಹುದುಗಿಸುವುದಂತೂ ಬೇಡವೇ ಬೇಡ. ವೈರಿಗೆ ಹೊರಮೈ ಮೇಲೇ ಕೊಳವೆ ಓಡಿಸಿ.

5. ಸಿಮೆಂಟ್ ಗಿಲಾವಿನಿಂದ ದೂರವಿರಿ

ಗಚ್ಚಿನ ಗೋಡೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ದಾರಿ ಕಟ್ಟಾಗಿ ಉಪ್ಪು ಹೂ ಬಿಡುತ್ತದೆ, ಹಕ್ಕಳಿಕೆ ಏಳುತ್ತದೆ. ನಮ್ಮ ಬೀಗರೊಬ್ಬರು ಅಜ್ಜನ ಕಾಲದ ಮನೆಗೆ ಮಗಳ ಮದುವೆ ಮುಂದಿಟ್ಟುಕೊಂಡು ನುಣ್ಣಗೆ ಸಿಮೆಂಟು ಹೊಡೆಸಿ, ಮೇಲೆ ದುಬಾರಿ ಬಣ್ಣ ಬಳಿಸಿದರು. ಎರಡನೇ ಮಳೆಗಾಲಕ್ಕೆ ಗೋಡೆ ಸಿಬ್ಬು ಹತ್ತಿದಂತಾಯಿತು. ಮದುವೆ ಫೋಟೊದಲ್ಲಿ ಮಾತ್ರ ಗೋಡೆ ಚೆಂದ ಬಂದಿದೆ.

ಸುಣ್ಣದ ಗಾರೆ, ಸುಣ್ಣದ ಬಣ್ಣ. ಸುಣ್ಣ ಅರೆಯಬಲ್ಲ ಗೌಂಡಿಗಳು ವಯಸ್ಸಾದವರು. ಸಿಕ್ಕ ಒಬ್ಬರಿಗೆ ಮರ್ಯಾದೆಯ ಕೂಲಿ ಕೊಟ್ಟು, ಇಬ್ಬರು ಹುಡುಗರನ್ನು ಅವರ ಕೈಕೆಳಗೆ ಹಾಕಿ. ಕರೆಂಟಿಗೂ ಇದಕ್ಕೂ ಏನು ಸಂಬಂಧ ಅಂದರೆ, ತೇವ ತುಂಬಿದ ಗೋಡೆ ಒಣ ಗೋಡೆಗಿಂತ ಬಿಸಿಯನ್ನು ಬೇಗ ಒಳಗೆ ಬಿಡುತ್ತದೆ. ಇನ್ನೊಂದು ಲೆಕ್ಕವೂ ಇದೆ. ಒಂದು ಟನ್ ಸಿಮೆಂಟು ತಯಾರಾಗುವಷ್ಟರಲ್ಲಿ ಅರ್ಧ ಟನ್ನಿಗೂ ಹೆಚ್ಚು ಇಂಗಾಲಾಮ್ಲ ಗಾಳಿಗೆ ಸೇರಿರುತ್ತದೆ. ನಿಂತ ಗೋಡೆಯ ಬಾಬ್ತು ನಮ್ಮ ಮುತ್ತಜ್ಜರ ಕಾಲದಲ್ಲೇ ಚುಕ್ತಾ ಆಗಿದೆ.

6. ಲಂಡನ್ನಿನ ನಕಲು ಹೊಡೆಯಬೇಡಿ

ಸಾಲಿಯನ್ನು ಫ್ಲ್ಯಾಟ್ ಮಾಡುವುದರಲ್ಲಿ ಕೈ ಪಳಗಿದವರು ಲಂಡನ್ನಿನವರು. 1870ರ ಶಿಕ್ಷಣ ಕಾಯ್ದೆಯ ನಂತರ ಅಲ್ಲಿನ ಸ್ಕೂಲ್ ಬೋರ್ಡು ಕಟ್ಟಿಸಿದ ಇಟ್ಟಿಗೆಯ ಎತ್ತರದ ಸಾಲಿಗಳಲ್ಲಿ ಎಷ್ಟೋ ಈಗ ಫ್ಲ್ಯಾಟುಗಳು. ಅವುಗಳ ಚಿತ್ರ ನೋಡಿ ಮನಸ್ಸು ಸೋಲುತ್ತದೆ. ನನಗೂ ಸೋತಿತ್ತು. ಆದರೆ ಅವರ ವೈರಿ ಚಳಿ. ಒಳಗೆ ಹೊತ್ತಿಸಿದ ಬಿಸಿ ಹೊರಗೆ ಹೋಗದಿರಲೆಂದು ಗೋಡೆಯ ಒಳಮೈಗೆ ಗಾಜಿನ ಉಣ್ಣೆ ತುಂಬಿ, ಮೇಲೆ ಹಲಗೆ ಹೊಡೆಯುತ್ತಾರೆ.

ಗದುಗಿನಲ್ಲಿ ಅದನ್ನೇ ಮಾಡಿದರೆ ಕಲ್ಲಿನ ಗೋಡೆ ಹಲಗೆಯ ಹಿಂದೆ ಅಡಗಿ ಹೋಗುತ್ತದೆ. ಹಗಲು ನಿಮ್ಮ ಮೈಬಿಸಿ, ಒಲೆಬಿಸಿ ಹೀರಿಕೊಳ್ಳಬೇಕಾದ ಕಲ್ಲಿಗೆ ನೀವೇ ಕದ ಹಾಕಿದಂತೆ. ನಮಗೆ ಬೇಕಾದ ಮುಚ್ಚಿಗೆ ಹೊರಬದಿಯದು, ಅದೂ ಪಡುವಣ ಗೋಡೆಗೆ. ಅಲ್ಲಿ ಪಡಸಾಲೆ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಎಂಟಡಿ ತಗ್ಗು ಚಪ್ಪರ, ಬಳ್ಳಿ, ಬಿದಿರಿನ ತಟ್ಟಿ, ಯಾವುದಾದರೂ ಸರಿ. ಬಿಸಿಲು ಗಾಜು ದಾಟಿದ ಮೇಲೆ ಒಳಗೆ ಪರದೆ ಎಳೆದು ಉಪಯೋಗವಿಲ್ಲ; ಬಂದ ಬೀಗರು ಹಾಗೆಲ್ಲ ಹೋಗುವುದಿಲ್ಲ.

7. ದುಡ್ಡು ಸುರಿಯುವುದಾದರೆ ಮಾಡಿಗೆ ಸುರಿಯಿರಿ

ಗದಗ ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇದೆ. ಮೇ ಮೊದಲ ವಾರದ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅವನಿಗೆ ಆಗ ಗೋಡೆ ಕಾಣುವುದೇ ಇಲ್ಲ, ಮಾಡಷ್ಟೇ ಕಾಣುತ್ತದೆ. ಮನೆ ತಂಪೋ ಬಿಸಿಯೋ ಎಂಬುದನ್ನು ಆ ದಿನಗಳಲ್ಲಿ ಮಾಡೇ ತೀರ್ಮಾನಿಸುತ್ತದೆ.

ಹಂಚಿನ ಮಾಡಾದರೆ ಹಂಚು ಇಳಿಸಿ, ತೊಲೆ-ರೀಪುಗಳಿಗೆ ಒರಲಿ ಹತ್ತಿದೆಯೇ ಎಂದು ಉಳಿ ಚುಚ್ಚಿ ನೋಡಿ. ಒಂದೇ ಪದರ ಹಂಚು ನೆರಳು ಕೊಟ್ಟೀತು, ಬಿಸಿ ತಡೆಯದು. ಕೆಳಗೆ ಚಪ್ಪಟೆ ಹಂಚು ಹಾಸಿ, ಮೇಲೆ ಗಾಳಿಯಾಡುವ ಸಂದು ಬಿಟ್ಟು, ಅದರ ಮೇಲೆ ಮಂಗಳೂರು ಹಂಚು ಹೊದಿಸಿ. ಎರಡರ ನಡುವೆ ಬೆಳ್ಳಿಬಣ್ಣದ ಹಾಳೆ ಹಾಸಿದರೆ ಇನ್ನೂ ಚಲೋ. ಕೂಟದ ತುದಿಯಲ್ಲಿ ಬಿಸಿಗಾಳಿ ಹೊರಬೀಳಲು ಕಿಂಡಿ ಇರಲಿ. ಇಳಿಸಿದ ಹಂಚಿನ ಬೆನ್ನು ತಿರುವಿ ನೋಡಿ, ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂದಿನಿಂದ ಬಂದ ಈ ಜಾತಿಯ ಹಂಚು ಒಡೆಯದಿದ್ದರೆ ಇನ್ನೊಂದು ಜೀವನ ಬಾಳುತ್ತದೆ.

ಮಣ್ಣು ಹೊದಿಸಿದ ಮೇಲ್ಮುದ್ದಿಯಾದರೆ ಆ ಮಣ್ಣಿನ ದಪ್ಪವೇ ಕೊಡೆ. ಸೋರುತ್ತದೆಂದು ಸಿಟ್ಟಿಗೆದ್ದು ಮಣ್ಣು ತೆಗೆದು ಬರೀ ಸ್ಲ್ಯಾಬು ಹಾಕಿಸಿದ ಮನೆಗಳು ಎಲ್ಲ ಊರಲ್ಲೂ ಇವೆ. ಆ ಮನೆಗಳವರನ್ನು ಮೇ ತಿಂಗಳ ರಾತ್ರಿ ಮಾತಾಡಿಸಿ. ಕೇಂದ್ರದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂದಿತು. ವಸತಿ ಕಟ್ಟಡದ ಮಾಡು ಒಂದು ಚದರ ಮೀಟರಿನಲ್ಲಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ, 1.2 ವಾಟ್‌ಗಿಂತ ಹೆಚ್ಚು ಬಿಸಿ ಬಿಡಕೂಡದು ಎಂಬುದು ಅದರ ಅಳತೆ. ಬರೀ ಕಾಂಕ್ರೀಟ್ ಸ್ಲ್ಯಾಬು ಅದರ ಎರಡು ಪಟ್ಟಿಗೂ ಮೀರಿ ಬಿಡುತ್ತದೆ. ಸ್ಲ್ಯಾಬು ಈಗಾಗಲೇ ಇದ್ದರೆ ಅದರ ಮೇಲ್ಬದಿ ತಡೆಪದರ ಹಾಸಿ, ಒಡೆದ ಬಿಳಿ ಚೀನಿ ಹೆಂಚು ಕೂಡಿಸಿ. ಕೈಯಲ್ಲಿ ಕಾಸಿಲ್ಲವೇ? ಯುಗಾದಿಗೆ ಮುಂಚೆ ದಪ್ಪಗೆ ಸುಣ್ಣ ಹೊಡೆಸಿ. ಪ್ರತಿ ವರ್ಷ.

8. ಗಾಳಿ ಮೊದಲು ಮಂಚಕ್ಕೆ, ಕಡೆಗೆ ಒಲೆಗೆ

ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಮಳೆಗಾಲದಲ್ಲಿ ಯಾವ ಕಡೆ ಮುಖ ಮಾಡುತ್ತವೆ ನೋಡಿ: ಪಡುವಣಕ್ಕೆ. ನಮ್ಮ ಗಾಳಿ ಅತ್ತಲಿಂದ. ಖೋಲಿ ಹಂಚುವಾಗ ಇದೇ ದಿಕ್ಸೂಚಿ. ಗಾಳಿ ಪಡುವಣ ಕಿಟಕಿಯಿಂದ ಮಲಗುವ ಕೋಣೆಗೆ ಬಂದು, ನಡುಮನೆ ದಾಟಿ, ಅಡಿಗೆಮನೆಯ ಬಿಸಿ ಹೊತ್ತು ಮೂಡಣಕ್ಕೆ ಹೋಗಲಿ. ದಿನಕ್ಕೆ ಮೂವತ್ತು ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹಂಚಿನ ಕಾವು ಅಂದರೇನು ಎಂದು ನಗರದ ಆರ್ಕಿಟೆಕ್ಟರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅವರ ನಕಾಶೆಯಲ್ಲಿ ಅಡಿಗೆಮನೆ ಯಾವಾಗಲೂ ನಡುಮನೆಗೆ ತೆರೆದುಕೊಂಡಿರುತ್ತದೆ. ಸಾಲಿಯ ಖೋಲಿಗೆ ಎದುರುಬದುರು ಕಿಟಕಿ ಇರುವುದೇ ಭಾಗ್ಯ. ನಡುವೆ ಸೂರಿನತನಕ ಗೋಡೆ ಎಬ್ಬಿಸಿ ಆ ದಾರಿ ಕಟ್ಟಬೇಡಿ. ವಾಸ್ತು ಕೇಳುವವರು ಬಂದೇ ಬರುತ್ತಾರೆ. ಆಗ್ನೇಯದ ಅಡಿಗೆಮನೆ ಇಲ್ಲಿ ಗಾಳಿಯ ಲೆಕ್ಕಕ್ಕೂ ಹೊಂದುತ್ತದೆ ಎನ್ನಿ, ಇಬ್ಬರಿಗೂ ಸಮಾಧಾನ.

9. ಅಟ್ಟ ಮೂರರಲ್ಲೊಂದು ಪಾಲು ಸಾಕು

ಹದಿನಾಲ್ಕು-ಹದಿನಾರು ಅಡಿ ಎತ್ತರ ಕಂಡ ಕೂಡಲೇ ‘ಅಡ್ಡ ಸ್ಲ್ಯಾಬು ಹಾಕಿದರೆ ಎರಡು ಮಹಡಿ’ ಎಂಬ ಆಸೆ ಹುಟ್ಟುತ್ತದೆ. ಆ ಎತ್ತರದಲ್ಲಿ ಬಿಸಿಗಾಳಿ ವಾಸವಿದೆ. ಅವನ ಜಾಗ ಕಿತ್ತುಕೊಂಡರೆ ನಿಮ್ಮ ಹಾಸಿಗೆಗೇ ಬರುತ್ತಾನೆ. ಖೋಲಿಯ ಮೂರರಲ್ಲೊಂದು ಪಾಲಿನ ಮೇಲಷ್ಟೇ ಮರದ ಅಟ್ಟ ಮಾಡಿ, ಕಾಳುಕಡಿ, ಹಾಸಿಗೆ ಸುರುಳಿ ಇಡಲಿಕ್ಕೆ. ಫ್ಯಾನನ್ನು ಸೂರಿಗೆ ಅಂಟಿಸಬೇಡಿ. ಉದ್ದ ರಾಡು ಹಾಕಿ ನೆಲದಿಂದ ಎಂಟು-ಒಂಬತ್ತು ಅಡಿಗೆ ಇಳಿಸಿ. ಇಪ್ಪತ್ತಕ್ಕೆ ಇಪ್ಪತ್ತೈದು ಅಡಿಯ ಒಂದು ಖೋಲಿ ಒಬ್ಬ ನರ್ಸಿಗೋ ಬ್ಯಾಂಕಿನ ಹುಡುಗನಿಗೋ ಸಾಕು. ಎರಡು ಖೋಲಿ ಕೂಡಿದರೆ ಸಂಸಾರಕ್ಕೆ.

10. ಇನ್ನೂರು ಯೂನಿಟ್ಟಿನ ಗೆರೆ

‘ಗೃಹಜ್ಯೋತಿ ಇದೆಯಲ್ಲ, ಕರೆಂಟು ಉಳಿಸಿ ಏನು?’ ಎಂದು ಕೇಳುವವರಿದ್ದಾರೆ. 2023ರಿಂದ ಜಾರಿಯಲ್ಲಿರುವ ಆ ಉಚಿತ ಕರೆಂಟಿನ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಹಾಗಾಗಿ ನಮ್ಮ ರಾಜ್ಯದಲ್ಲಿ ಮಿತವ್ಯಯದ ಬೆಲೆ ಆ ಗೆರೆಯ ಹತ್ತಿರ ಬಲು ಜಾಸ್ತಿ.

ಲೆಕ್ಕ ಹಾಕಿ. ಹಳೆ ಫ್ಯಾನು ಸುಮಾರು 75 ವಾಟ್. ದಿನಕ್ಕೆ ಹನ್ನೆರಡು ತಾಸಿನಂತೆ ನಾಲ್ಕು ಫ್ಯಾನು ತಿರುಗಿದರೆ ತಿಂಗಳಿಗೆ 108 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 43. ಎರಡು ಕಿಲೋವಾಟಿನ ಗೀಸರ್ ದಿನಾ ಒಂದು ತಾಸು ಓಡಿದರೆ 60. ಸೋಲಾರ್ ಹಂಡೆ ಇದ್ದರೆ ಬಹುತೇಕ ಸೊನ್ನೆ. ಏ.ಸಿ. ತಾಸಿಗೆ ಒಂದೇ ಯೂನಿಟ್ ತಿಂದರೂ ರಾತ್ರಿ ಎಂಟು ತಾಸಿನಂತೆ 240. ಅದೊಂದೇ ಗೆರೆ ದಾಟಿಸಿಬಿಡುತ್ತದೆ. ಗವಾಕ್ಷಿ, ಜೋಡು ಹಂಚು, ಪಡಸಾಲೆಯ ನೆರಳು ಎಂದು ಇಷ್ಟೊತ್ತು ಬಡಬಡಿಸಿದ್ದೆಲ್ಲ ಈ ಒಂದು ಪೆಟ್ಟಿಗೆ ಬೇಡವಾಗಲಿ ಎಂದೇ.

ನೀರೆತ್ತುವ ಮೋಟರು, ಪಡಸಾಲೆ ದೀಪದ ಮೀಟರು ಬೇರೆ. ಅದರ ಬಿಲ್ಲು ಎಲ್ಲರ ತಲೆ ಮೇಲೆ. ಸೌರಫಲಕ ಅದಕ್ಕೆ ಮೊದಲು ಹಾಕಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವಾಟಿಗೆ ನೂರು ಚದರಡಿ ಜಾಗ ಬೇಕು, ದಿನಕ್ಕೆ ನಾಲ್ಕು ಯೂನಿಟ್ ಬಂದೀತು. ಹಳೆ ಹಂಚಿನ ಮೇಲೆ ಫಲಕ ಹೇರಬೇಡಿ. ಹಿಂಬದಿ ಕಟ್ಟಿದ ಹೊಸ ಬಚ್ಚಲ ಸಾಲಿನ ಸ್ಲ್ಯಾಬು ಇದೆಯಲ್ಲ, ಅದರ ಮೇಲೆ ಕೂಡಿಸಿ, ಅದಕ್ಕೂ ನೆರಳಾಯಿತು.

ಅಂಗಳದ ಬೇವಿನ ಮರದ ನೆರಳು ಫಲಕದ ಮೇಲೆ ಬೀಳುತ್ತದೆಂದು ಕೊಡಲಿ ಎತ್ತುವವರು ಸಿಗುತ್ತಾರೆ. ಫಲಕವನ್ನೇ ಸರಿಸಿ.

11. ಮಾಲಕ ಒಬ್ಬನಿರುವುದಕ್ಕಿಂತ ಸಂಘ ಇರುವುದು ಲೇಸು

ಫ್ಲ್ಯಾಟು ಕೊಳ್ಳುವ ಹುಕಿ ಗದುಗಿನಲ್ಲಿ ಅಷ್ಟಿಷ್ಟು ಉಂಟು. ಶಿರಹಟ್ಟಿ, ಮುಂಡರಗಿಯಲ್ಲಿ ಜನ ಅಂಗಳವಿರುವ ಸ್ವಂತ ಮನೆಯನ್ನೇ ಕೇಳುತ್ತಾರೆ. ಅಲ್ಲಿ ಮಾರುವ ಕನಸು ಬಿಟ್ಟು ಬಾಡಿಗೆಗೆ ಕಟ್ಟಿ: ವರ್ಗವಾಗಿ ಬರುವ ಮಾಸ್ತರರು, ಆಸ್ಪತ್ರೆಯವರು, ಬ್ಯಾಂಕಿನವರು. ಸಾಲಿ ಊರಿನದಾದರೆ ಊರಿನವರೇ ಸಹಕಾರಿ ಸಂಘ ಮಾಡಿ ಗುತ್ತಿಗೆ ಹಿಡಿಯುವುದು ಇನ್ನೂ ಉತ್ತಮ. ಇದನ್ನು ನಮಗೆ ಹೊರಗಿನವರು ಕಲಿಸಬೇಕಿಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದರು.

ಸಂಘದ ಮೊದಲ ಕೆಲಸ ನೀರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡು ಇದು. ಐದು ಸಾವಿರ ಚದರಡಿಯ ಮಾಡಿನಿಂದ ಸೋರಿಕೆ ಕಳೆದೂ ಎರಡು ಲಕ್ಷ ಲೀಟರಿನ ಮೇಲೆ ಹಿಡಿಯಬಹುದು. ನಲವತ್ತು ಮಂದಿಗೆ, ತಲೆಗೆ ನೂರು ಲೀಟರಿನಂತೆ, ಐವತ್ತು ದಿನಕ್ಕೂ ಹೆಚ್ಚು. ತೊಟ್ಟಿ ಮಾತ್ರ ಹಳೆ ಪಾಯದಿಂದ ದೂರ, ಅಂಗಳದ ಆ ತುದಿಗೆ. ಹಿಡಿದಷ್ಟು ನೀರನ್ನು ಬೋರಿನಿಂದ ಎತ್ತುವ ಕರೆಂಟೂ ಉಳಿಯಿತು.

ಉಳಿದದ್ದಕ್ಕೆ ತುಂಗಭದ್ರೆಯ ನಳವೇ ಗತಿ. ಗದಗ-ಬೆಟಗೇರಿಯಲ್ಲಿ ನಳ ಯಾವ ದಿನ, ಯಾವ ಹೊತ್ತಿಗೆ ಬಂದೀತೆಂದು ಹೇಳಬಲ್ಲ ಜೋಯಿಸರು ಇನ್ನೂ ಹುಟ್ಟಿಲ್ಲ. ಆದ್ದರಿಂದ ಬೇವಿನ ಮರದ ಆ ರೈಲುಹಳಿ ತುಂಡನ್ನು ಗುಜರಿಗೆ ಹಾಕಬೇಡಿ. ಬೆಳಗಿನ ಜಾವ ಮೂರಕ್ಕೆ ನಳ ಬಂದಾಗ ಯಾರು ಮೊದಲು ಎದ್ದರೋ ಅವರು ನಾಲ್ಕು ಪೆಟ್ಟು ಹೊಡೆಯಲಿ. ಎಂಟೂ ಮನೆಯವರು ಕೊಡ ಹಿಡಿದು ಪಡಸಾಲೆಗೆ ಬರುತ್ತಾರೆ.